ಕೊಳೆಯಾಗದ ಕಾಲರ್

ಇಸ್ತ್ರಿ ಮಾವ ತೀಡಿದ ಪ್ಯಾಂಟಿನ ಗೆರೆಯ ಮೇಲೆ ನೊಣವೊಂದು ಕೂರಲು ಹೋಗಿ ಎರಡು ಹೋಳಾಗಿ ಬಿತ್ತು ಎಂದು ಬೀದಿಯವರು ಹೇಳುತ್ತಾರೆ. ಇದು ಶುದ್ಧ ಸುಳ್ಳು. ಬಿದ್ದದ್ದು ಒಂದು ಹೋಳು ಮಾತ್ರ, ಇನ್ನೊಂದು ಹಾರಿಹೋಯಿತು.

ಬೀದಿಯ ತಿರುವಿನಲ್ಲಿ ಕಟ್ಟಡವೊಂದರ ಮಹಡಿ ಮೆಟ್ಟಿಲಿನ ಕೆಳಗೆ ಅವನ ಅಂಗಡಿ. ಎಷ್ಟು ಇಕ್ಕಟ್ಟೆಂದರೆ ಮಾವ ಉಸಿರು ಒಳಗೆಳೆದುಕೊಂಡರೆ ಗಿರಾಕಿ ಒಳಗೆ ಬರಬಹುದು, ಗಿರಾಕಿ ಹೊರಗೆ ಹೋದ ಮೇಲೆ ಮಾವ ಉಸಿರು ಬಿಡಬಹುದು. ಅಲ್ಲೇ ನಿಂತು ಅವನು ಬೀದಿಯ ಹೊಟ್ಟೆಯೊಳಗಿನದನ್ನೆಲ್ಲ ಬಲ್ಲ. ಯಾರಿಗೆ ಹೊಟ್ಟೆ ಬಂತು, ಯಾರದು ಕರಗಿತು, ಸಿಗರೇಟು ಬಿಟ್ಟೆನೆಂದು ಹೆಂಡತಿಯ ಮುಂದೆ ಆಣೆ ಹಾಕಿದವರ ಜೇಬಿನ ಮೂಲೆಯಲ್ಲಿ ಎಷ್ಟು ತಂಬಾಕಿನ ಪುಡಿ, ಮಾತು ಬಿಟ್ಟ ಅಣ್ಣತಮ್ಮಂದಿರಲ್ಲಿ ಯಾರು ಯಾರ ಹಳೆಯ ಕೋಟನ್ನು ಕದ್ದುಮುಚ್ಚಿ ತೊಡುತ್ತಾರೆ, ಎಲ್ಲವೂ. ಬಟ್ಟೆಗೆ ನಾಲಗೆ ಇಲ್ಲ ನಿಜ, ಮುಚ್ಚಿಡುವ ಬುದ್ಧಿಯೂ ಇಲ್ಲವಲ್ಲ!

ಮಾವನ ಅಪ್ಪ ಸಾಯುವಾಗ ಒಂದು ಇಸ್ತ್ರಿಪೆಟ್ಟಿಗೆಯನ್ನೂ ಒಂದು ಕಟ್ಟಳೆಯನ್ನೂ ಬಿಟ್ಟುಹೋಗಿದ್ದ. "ಜೇಬಿನಲ್ಲಿ ಸಿಕ್ಕಿದ್ದು ಜೇಬಿಗೇ." ಸಿಕ್ಕಿದ್ದು ನೋಟಾಗಲಿ, ಗುಂಡಿಯಾಗಲಿ, ಗುಟ್ಟಾಗಲಿ, ಮಡಿಸಿ ಮತ್ತೆ ಅಲ್ಲಿಗೇ. ಹಾಗಾಗಿ ಮಾವ ಬೀದಿಯ ಗುಟ್ಟುಗಳನ್ನು ಹೆಂಡತಿಗೂ ಹೇಳಿದವನಲ್ಲ. ಆದರೆ ಹೊಟ್ಟೆಯಲ್ಲಿ ಅಷ್ಟೊಂದು ಇಟ್ಟುಕೊಂಡವನಿಗೆ ಎಲ್ಲಾದರೂ ಒಂದು ಕಿಂಡಿ ಬೇಡವೇ? ಅವನು ಬಟ್ಟೆಗಳ ಜೊತೆಯೇ ಮಾತಾಡುತ್ತಿದ್ದ. "ಏನಪ್ಪಾ ದೊರೆ, ಮತ್ತೆ ಸಾರು ಚೆಲ್ಲಿಕೊಂಡ್ಯಾ?" ಎಂದು ಅಂಗಿಯ ತೋಳು ತಿರುವಿ ಕೇಳುವನು. ಮಾತೆಲ್ಲ ಹಬೆಯ ಜೊತೆ ಮೇಲೆ ಹೋಗಿ ಮೆಟ್ಟಿಲಿನ ಅಡಿಗೆ ತಾಗಿ ಒಣಗಿಹೋಗುತ್ತಿತ್ತು. ತಲೆಮಾರಿನಿಂದ ಹಾಗೇ ನಡೆದು ಬಂದಿತ್ತು.

ಎದುರಿನ ಕಟ್ಟಡದ ಕೆಳಮನೆಯಲ್ಲಿ ಒಬ್ಬ ಹೆಂಗಸು ಬಾಡಿಗೆಗಿದ್ದಳು. ದೊಡ್ಡ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವ ಕೆಲಸ, ಆದ್ದರಿಂದ ಬೀದಿಗೆಲ್ಲ ಕನ್ನಡಕದಮ್ಮ. ಗಂಡ ಹಡಗಿನಲ್ಲಿ ಕೆಲಸ ಮಾಡುತ್ತಾನೆ, ಬಂದರೆ ನಡುರಾತ್ರಿ ಬಂದು ಬೆಳಗಾಗುವುದರೊಳಗೆ ಹೋಗುತ್ತಾನೆ ಎಂದು ಪ್ರತೀತಿ. ಕಂಡವರಿಲ್ಲ, ಆದರೆ ಅವನ ನಾಲ್ಕು ಅಂಗಿಗಳನ್ನು ಕಾಣದವರಿಲ್ಲ. ವಾರ ವಾರ ಮಾವನಲ್ಲಿಗೆ ಒಗೆತಕ್ಕೆ, ಇಸ್ತ್ರಿಗೆ ಬರುತ್ತಿದ್ದವು, ಹೋಗುತ್ತಿದ್ದವು.

ಮೊದಲ ವಾರವೇ ಮಾವ ಕಾಲರ್ ತಿರುವಿ ನೋಡಿ ಬೆಪ್ಪಾಗಿದ್ದ. ಕೊಳೆಯ ಗೆರೆ ಇಲ್ಲ. ಕಂಕುಳಲ್ಲಿ ಬೆವರಿನ ಕಲೆ ಇಲ್ಲ. ಮೊಣಕೈಯಲ್ಲಿ ಸುಕ್ಕಿಲ್ಲ. ಹಡಗಿನಲ್ಲಿ ದುಡಿಯುವ ಗಂಡಸಿನ ಅಂಗಿ ಆಗತಾನೇ ಹುಟ್ಟಿದ ಕೂಸಿನ ಹಾಗೆ! ವರ್ಷ ಕಳೆದಂತೆ ಬಣ್ಣ ಮಾಸಿತು, ಅದೂ ತೊಳೆದು ತೊಳೆದು. ಬೀದಿಯ ಗಂಡಸರೆಲ್ಲ ಒಂದೊಂದು ಅಳತೆ ಮೇಲೇರಿದರೂ ಈ ಪುಣ್ಯಾತ್ಮನಿಗೆ ಹೊಟ್ಟೆ ಬರಲೇ ಇಲ್ಲ. ಮಾವನಿಗೆ ಮೊದಲ ವಾರವೇ ಬಂದ ಗುಮಾನಿ ಗಟ್ಟಿಯಾಯಿತು: ಈ ಅಂಗಿ ತೊಡುವ ಗಂಡನೇ ಇಲ್ಲ. ಕಟ್ಟಡದ ಯಜಮಾನರು ಮೇಲಿನ ಮಹಡಿಯಲ್ಲೇ ಇದ್ದರು, ಮಹಡಿಯವರು ಎಂದೇ ಹೆಸರು. "ಒಂಟಿ ಹೆಂಗಸರಿಗೆ ನಾನು ಮನೆ ಕೊಡಲ್ಲ" ಎಂಬುದನ್ನು ಅವರು ಜನರು ನಮಸ್ಕಾರ ಹೇಳುವಷ್ಟು ಸಲೀಸಾಗಿ ದಿನವೂ ಹೇಳುತ್ತಿದ್ದರು. ಹೇಳಿಕೇಳಿ ಅಂಗಿಗಳು ನಾಲ್ಕು, ಆ ಮನೆಯನ್ನು ಹೊತ್ತು ನಿಂತ ಕಂಬಗಳೂ ಅವೇ ನಾಲ್ಕು. ಮಾವ ಗುಟ್ಟನ್ನು ಮಡಿಸಿ ಜೇಬಿಗೇ ಇಟ್ಟ.

ಹೀಗಿರುವಾಗ ಕಂಪನಿ ಬಂತು. ಏಳು ಸಮುದ್ರದಾಚೆ ಹುಟ್ಟಿ, ಎಪ್ಪತ್ತು ದೇಶದ ಕೊಳೆ ತೊಳೆಯುವ ಕಂಪನಿ. ಬೀದಿಬೀದಿಯ ಇಸ್ತ್ರಿ ಅಂಗಡಿಗಳನ್ನೆಲ್ಲ ತನ್ನ 'ನಂಬಿಕೆಯ ಪಾಲುದಾರರು' ಮಾಡಿಕೊಂಡಿತು. ಬಟ್ಟೆ ಮಾವನಲ್ಲಿಗೆ ಬರಬೇಕು, ಮಾವ ಟ್ಯಾಗು ಹಾಕಿ ಊರಾಚೆಯ ಕಾರ್ಖಾನೆಗೆ ಕಳಿಸಬೇಕು, ಅಲ್ಲಿ ಒಗೆದದ್ದು ಮತ್ತೆ ಇಸ್ತ್ರಿಗೆ ಇಲ್ಲಿಗೇ. ಇದನ್ನೆಲ್ಲ ನೋಡಿಕೊಳ್ಳಲು ಬಂದ ಮೇಲ್ವಿಚಾರಕನನ್ನು ಬೀದಿ ಟ್ಯಾಗಣ್ಣ ಎಂದು ಕರೆಯಿತು. ಅವನು ಬಂದನೆಂದರೆ ಬೀದಿನಾಯಿಯೂ ತನಗೊಂದು ಟ್ಯಾಗು ಅಂಟೀತೆಂದು ಬಾಲ ಮುದುಡಿ ಓಡುತ್ತಿತ್ತು.

ಮೊದಲ ದಿನ ಟ್ಯಾಗಣ್ಣ ಮಾವನ ಕೈಗೆ ಫೋನು ಕೊಟ್ಟು, "ಇದನ್ನ ಓದಿ ಕೊನೇಲಿ ಒಪ್ಪಿಗೆ ಒತ್ತಿ" ಎಂದ. ಮಾವ ಹೆಬ್ಬೆರಳಲ್ಲಿ ಸರಿಸಿದ, ಸರಿಸಿದ, ಹೆಬ್ಬೆರಳು ಸವೆದು ಕಿರುಬೆರಳಾದರೂ ಬರಹ ಮುಗಿಯಲಿಲ್ಲ.

"ಇದೇನಪ್ಪಾ ಇಷ್ಟುದ್ದ?"

"ಗೋಪ್ಯತಾ ನೀತಿ ಮಾವ. ಗಿರಾಕಿಗಳ ಗುಟ್ಟು ಹೇಗೆ ಕಾಪಾಡ್ತೀವಿ ಅಂತ ಬರೆದಿದೆ."

"ಕಾಪಾಡೋದಕ್ಕೆ ಇಷ್ಟು ಮಾತು ಬೇಕಾ? ಬಾಯಿ ಮುಚ್ಕೊಂಡಿದ್ರೆ ಸಾಕಲ್ವಾ?"

"ಅಯ್ಯೋ, ಹಾಗಲ್ಲ. ಮೊದಲು ತಿಳ್ಕೋಬೇಕು, ಆಮೇಲೆ ಕಾಪಾಡ್ಬೇಕು. ಏನೂ ತಿಳ್ಕೊಳ್ಳದೇ ಇದ್ರೆ ಕಾಪಾಡೋದಕ್ಕೆ ಏನಿರುತ್ತೆ ಹೇಳಿ?"

ಮಾವ ತಲೆ ಕೆರೆದುಕೊಂಡ. ಮಾತು ಸರಿಯಾಗಿಯೇ ಇತ್ತು, ಆದರೆ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿದಷ್ಟು ಸರಿಯಾಗಿತ್ತು. ಒಪ್ಪಿಗೆ ಒತ್ತಿದ.

ಅಂದಿನಿಂದ ಪ್ರತಿ ಬಟ್ಟೆಯ ಸ್ಥಿತಿಯನ್ನೂ ಫೋನಿಗೆ ತಿಳಿಸಬೇಕಾಯಿತು. ಮಾವನ ಕೈ ಸದಾ ಒದ್ದೆ, ಒದ್ದೆ ಬೆರಳಿಗೆ ಫೋನು ಮಣಿಯದು. "ಹಾಗಾದ್ರೆ ಈ ಮೈಕಿನ ಗುರುತು ಒತ್ತಿ ಮಾತಾಡಿ, ಅದೇ ಬರ್ಕೊಳ್ಳುತ್ತೆ" ಎಂದು ಟ್ಯಾಗಣ್ಣ ಉಪಾಯ ಹೇಳಿಕೊಟ್ಟ. ಮಾವನಿಗೆ ಇದಕ್ಕಿಂತ ಸುಖ ಬೇಕೇ? ಹೇಗೂ ಬಟ್ಟೆಯ ಜೊತೆ ಆಡುವ ಮಾತು. ಫೋನನ್ನು ಮೊಳೆಗೆ ತಗುಲಿಸಿ, ಗುರುತು ಒತ್ತಿ, ಹಿಂದಿನಂತೆಯೇ ಆಡತೊಡಗಿದ. ಮೆಟ್ಟಿಲಿನ ಅಡಿ ಕೇಳಿಸಿಕೊಳ್ಳುತ್ತಿದ್ದುದನ್ನು ಈಗ ಫೋನು ಕೇಳಿಸಿಕೊಳ್ಳುತ್ತಿದೆ, ಅಷ್ಟೇ ಎಂದುಕೊಂಡ.

ಕನ್ನಡಕದಮ್ಮನ ಅಂಗಿ ಬಂದಾಗಲೂ ಹಾಗೇ. ಕೊಳೆಯೇ ಇಲ್ಲದ ಬಟ್ಟೆಗೆ ಒಗೆತದ ದುಡ್ಡು ಯಾಕೆ ಹಿಡಿಯಬೇಕು ಎಂದು ಮರುಗಿ, "ಏನಪ್ಪಾ ಹಡಗಿನ ದೊರೆ, ಮತ್ತೆ ಹಾಕ್ಕೊಳ್ಳಲೇ ಇಲ್ವಾ? ಕಾಲರ್ ಹಾಲಿನ ಹಾಗಿದೆ. ಹಾಕ್ಕೊಳ್ಳೋ ಮೈ ಇದ್ರೆ ತಾನೇ? ಇಸ್ತ್ರಿ ಒಂದೇ ಸಾಕು ಬಿಡು" ಎಂದು ಪ್ರೀತಿಯಿಂದಲೇ ಹೇಳಿ ತೀಡಿದ.

ತಿಂಗಳು ಮುಗಿಯುತ್ತ ಬಂದಾಗ ಟ್ಯಾಗಣ್ಣ ಹಲ್ಲು ಕಿರಿಯುತ್ತ ಬಂದ.

"ಮಾವ, ಷರಾ ಬರೆಯೋದ್ರಲ್ಲಿ ನೀವೇ ಮೊದಲು! ಬೇರೆಯವರು 'ಕೊಳೆ ಇದೆ, ಇಲ್ಲ' ಅಂತ ಬರೀತಾರೆ. ನೀವು ಕಾದಂಬರಿ ಬರ್ದಿದ್ದೀರಿ. ಎಲ್ಲಾ ಬಟ್ಟೆ ವರದಿಯಲ್ಲಿ ಬರುತ್ತೆ."

"ಎಂಥ ವರದಿ?"

"ತಿಂಗಳ ಕೊನೇಲಿ ಮನೆ ಮುಖ್ಯಸ್ಥರ ಫೋನಿಗೆ ಹೋಗುತ್ತಲ್ಲ, ಮನೇಲಿ ಯಾರ್ಯಾರ ಬಟ್ಟೆ ಎಷ್ಟು, ಹೇಗಿದೆ ಅಂತ. ಉಚಿತ ಸೇವೆ!"

ಮಾವನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಭಾರವಾಯಿತು. "ಎದುರಿನ ಕಟ್ಟಡಕ್ಕೆ ಯಾರಪ್ಪಾ ಮುಖ್ಯಸ್ಥರು?"

"ಮಹಡಿಯವರು. ರಿಯಾಯಿತಿ ಸಿಗುತ್ತೆ ಅಂತ ಇಡೀ ಕಟ್ಟಡವನ್ನ ಅವರೇ ಒಂದೇ ಮನೆ ಅಂತ ಸೇರಿಸಿದ್ದಾರಲ್ಲ. ಒಂದು ವಿಳಾಸಕ್ಕೆ ಒಬ್ಬರೇ ಮುಖ್ಯಸ್ಥರು."

"ಕೆಳಮನೆಯವರ ಬಟ್ಟೆ ವಿಷಯ ಮೇಲ್ಮನೆಯವರಿಗಾ? ನಿಮ್ಮ ಗೋಪ್ಯತೆ ಎಲ್ಲಿ ಸತ್ತು ಬಿತ್ತು?"

"ಎಲ್ಲೂ ಬಿದ್ದಿಲ್ಲ ಮಾವ. ಬೇರೆ ವಿಳಾಸಕ್ಕೆ ಒಂದಕ್ಷರ ಹೋಗಲ್ಲ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಮಾಡಿದವನು ಫೋನು ಕಂಡವನಲ್ಲ. ಆಡಿದ ಮಾತು ಹೋಗದೇ ಉಳಿದುಬಿಟ್ಟರೆ ಏನು ಮಾಡಬೇಕೆಂದು ಅವನು ಹೇಳಲಿಲ್ಲ. ಇನ್ನು ಸ್ವಲ್ಪ ದಿನದಲ್ಲಿ ಮಹಡಿಯವರು ತಮ್ಮ ಫೋನು ತೆರೆದು 'ಹಾಕ್ಕೊಳ್ಳೋ ಮೈ ಇದ್ರೆ ತಾನೇ' ಎಂದು ಓದುತ್ತಾರೆ. ಆಮೇಲೆ ಕನ್ನಡಕದಮ್ಮನ ಸಾಮಾನು ಬೀದಿಯಲ್ಲಿ.

"ಅಳಿಸಿಬಿಡಪ್ಪಾ" ಎಂದು ಮಾವ ಅಂಗಲಾಚಿದ. ತನ್ನ ಕೈಯಲ್ಲಿ ಆಗದು, ಗೋಪ್ಯತಾ ವಿಭಾಗಕ್ಕೆ ಫೋನು ಮಾಡಿ ಎಂದು ಟ್ಯಾಗಣ್ಣ ಜಾರಿಕೊಂಡ. ಮಾವ ಮಾಡಿದ. "ನಿಮ್ಮ ಗೋಪ್ಯತೆ ನಮಗೆ ಪ್ರಾಣ. ಈ ಕರೆಯನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತಿದೆ" ಎಂದಿತು ಯಂತ್ರ. ಪ್ರಾಣ ತೆಗೆಯುವಷ್ಟು ಹೊತ್ತು ಸಂಗೀತ ಕೇಳಿಸಿತು. ಅದು ಮುಗಿಯುವುದರೊಳಗೆ ಮಾವನ ಗಡ್ಡ ಮೊಳಕಾಲಿಗೆ ಬಂತು. ಅದನ್ನು ಒಮ್ಮೆ ಕತ್ತರಿಸಿಕೊಂಡು ಬಂದ ಮೇಲೆ ಒಬ್ಬ ಹೆಣ್ಣುಮಗಳ ದನಿ ಬಂತು.

"ಹೇಳಿ ಸರ್."

"ಒಂದು ಮಾತು ಅಳಿಸ್ಬೇಕು ತಾಯಿ."

"ಯಾರ ಬಗ್ಗೆ ಇರೋ ಮಾತು?"

"ಒಂದು ಅಂಗಿ ಬಗ್ಗೆ."

"ಆ ಅಂಗಿ ಹಾಕ್ಕೊಳ್ಳೋರು ಕರೆ ಮಾಡ್ಬೇಕು ಸರ್."

ಅದೇ ತಾನೇ ತಾಪತ್ರಯ ಎಂಬುದು ಮಾವನ ನಾಲಗೆಯ ತುದಿಗೆ ಬಂತು. ಉಗುಳಿನ ಜೊತೆ ನುಂಗಿದ. "ಅವರು... ದೂರದಲ್ಲಿದ್ದಾರೆ."

"ಹಾಗಾದ್ರೆ ಬಟ್ಟೆ ಚೀಲ ಯಾರ ಹೆಸರಲ್ಲಿದೆಯೋ ಅವರು ಮಾಡ್ಲಿ."

"ಮಾತು ನಂದು ತಾಯಿ. ನನ್ನ ಬಾಯಿಂದಲೇ ಬಿದ್ದದ್ದು. ನಾನೇ ಎತ್ಕೋತೀನಿ ಅಂದ್ರೆ ಏನು ಕಷ್ಟ?"

"ಆಡಿದ್ದು ನೀವು, ಹಕ್ಕು ಅವರದು. ನೀವು ಅಳಿಸಿದ್ರೆ ಅವರ ಹಕ್ಕಿಗೆ ಧಕ್ಕೆ ಆಗುತ್ತೆ ಸರ್."

"ಅಳಿಸದೇ ಇದ್ರೆ ಅವರಿಗೇ ಧಕ್ಕೆ ಆಗುತ್ತೆ!"

"ಹೌದಾ? ಎಂಥ ಧಕ್ಕೆ ಅಂತ ವಿವರವಾಗಿ ಹೇಳಿ, ದಾಖಲು ಮಾಡ್ಕೋತೀನಿ."

ಕಾದ ಇಸ್ತ್ರಿಪೆಟ್ಟಿಗೆ ಮುಟ್ಟಿದವನ ಹಾಗೆ ಮಾವ ಫೋನು ಕೆಳಗಿಟ್ಟ.

ಅತ್ತ ದರಿ, ಇತ್ತ ಪುಲಿ. ಗುಟ್ಟು ಉಳಿಯಬೇಕಾದರೆ ಕನ್ನಡಕದಮ್ಮನೇ ಕರೆ ಮಾಡಬೇಕು. ಕರೆ ಮಾಡಬೇಕಾದರೆ ನಿನ್ನ ಗುಟ್ಟು ನನಗೆ ಗೊತ್ತು ಎಂದು ಮಾವ ಹೇಳಬೇಕು. ಅಪ್ಪನ ಕಟ್ಟಳೆಯ ಪ್ರಕಾರ ಜೇಬಿನ ಯಜಮಾನನಿಗೂ ಜೇಬಿನಲ್ಲೇನಿತ್ತೆಂದು ಹೇಳುವ ಹಾಗಿಲ್ಲ. ಊಟಕ್ಕೆ ಕೂತವನು ನೀರಿನ ಲೋಟಕ್ಕೆ ಅನ್ನ ಕಲಸಿದ.

"ಏನಾಗಿದೆ ರೀ ನಿಮಗೆ?" ಎಂದಳು ಹೆಂಡತಿ.

"ಏನಿಲ್ಲ ಕಣೇ. ಒಬ್ಬರಿಗೆ ಗೊತ್ತಿರೋ ವಿಷಯಾನ ಅವರಿಗೇ ಹೇಳೋದು ತಪ್ಪಾ?"

"ಯಾರಿಗೆ?"

"ಅದನ್ನ ಹೇಳಿದ್ರೆ ನಿನಗೆ ಹೇಳಿದ ಹಾಗಾಗುತ್ತಲ್ಲ!"

ಹೆಂಡತಿ ಅವನ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ತಿಳಿದು ಮತ್ತಷ್ಟು ಗಾಬರಿಯಾದಳು.

ಮರುದಿನ ಮಾವ ಕನ್ನಡಕದ ಅಂಗಡಿಗೆ ಹೋದ. ಒಳಗಿನ ಕತ್ತಲೆ ಕೋಣೆಯಲ್ಲಿ ಆಕೆ ಒಬ್ಬಳೇ ಇದ್ದಳು. "ಬನ್ನಿ ಮಾವ, ಕೊನೆಗೂ ಕಣ್ಣು ತೋರಿಸೋಕೆ ಬಂದ್ರಾ?" ಎಂದವಳೇ, ಮಾತಿಗೆ ಎಡೆ ಕೊಡದೆ ಕುರ್ಚಿಯಲ್ಲಿ ಕೂರಿಸಿ, ಗಾಜು ಸಿಕ್ಕಿಸುವ ಆ ದಪ್ಪ ಚೌಕಟ್ಟನ್ನು ಅವನ ಮೂಗಿಗೇರಿಸಿಬಿಟ್ಟಳು. ಲೋಕವೆಲ್ಲ ಎರಡೆರಡಾಯಿತು.

"ಕೆಳಗಿನ ಸಾಲು ಓದಿ."

"ಅಮ್ಮಾ, ನಾನೊಂದು ತಪ್ಪು ಮಾಡಿದ್ದೀನಿ."

"ಈ ಗಾಜು ಹಾಕಿದ್ರೆ ಸರಿಹೋಗುತ್ತೆ. ಈಗ?"

"ನಿಮ್ಮ ಯಜಮಾನರ ಅಂಗಿ ಕೊಳೆಯಾಗಲ್ಲ ಅಂತ ಫೋನಿಗೆ ಹೇಳ್ಬಿಟ್ಟಿದ್ದೀನಿ."

ಗಾಜು ಬದಲಿಸುತ್ತಿದ್ದ ಕೈ ಅಲ್ಲೇ ನಿಂತಿತು. ಮಾವನಿಗೆ ಇಬ್ಬರು ಕನ್ನಡಕದಮ್ಮಂದಿರು ಕಂಡರು, ಇಬ್ಬರ ಮುಖವೂ ಬಿಳುಚಿತ್ತು. ಯಾರಿಗೆ ಹೇಳಬೇಕೆಂದು ತಿಳಿಯದೆ ಇಬ್ಬರಿಗೂ ನಡುವಿನ ಜಾಗಕ್ಕೆ ಎಲ್ಲವನ್ನೂ ಹೇಳಿದ: ಮೈಕು, ಷರಾ, ವರದಿ, ಮಹಡಿಯವರು.

ಆಕೆ ಕೈಯಲ್ಲಿದ್ದ ಗಾಜನ್ನು ಪೆಟ್ಟಿಗೆಗಿಟ್ಟಳು. ಆಮೇಲೆ ಕೇಳಿದಳು, "ನಿಮಗೆ ಯಾವಾಗಿಂದ ಗೊತ್ತು?"

"ಮೊದಲ ವಾರದಿಂದ."

"ಯಾರ್ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ. ನನ್ನ ಹೆಂಡ್ತಿಗೂ ಇಲ್ಲ." ಸ್ವಲ್ಪ ತಡೆದು, "ಎಪ್ಪತ್ತು ದೇಶಕ್ಕೆ ಬಿಟ್ರೆ" ಎಂದ.

ಆಕೆಗೆ ಅಳು ಬರಬೇಕಾದ ಕಡೆ ನಗು ಬಂತು. "ಆ ಅಂಗಿ ಕೊಳ್ಳೋಕೆ ಹೋದಾಗ ಅಂಗಡಿಯವನು ಅಳತೆ ಎಷ್ಟು ಅಂದ. ಏನು ಹೇಳೋದು ತೋಚಲಿಲ್ಲ. ನಡುವಿನದು ಕೊಡಿ ಅಂದೆ. ಹಾಗೆ ಅಳತೆ ಸಿಕ್ಕಿತು ನನ್ನ ಯಜಮಾನ್ರಿಗೆ." ಕಣ್ಣೊರೆಸಿಕೊಂಡಳು. "ಆರು ಮನೆ ತಿರುಗಿ, ಏಳನೇದು ಇದು ಮಾವ. ಇನ್ನೊಂದು ಹುಡುಕೋ ಶಕ್ತಿ ನನಗಿಲ್ಲ."

ಅಲ್ಲಿಂದಲೇ ಕರೆ ಮಾಡಿದಳು. ಚೌಕಟ್ಟು ತೆಗೆಯುವುದನ್ನು ಇಬ್ಬರೂ ಮರೆತಿದ್ದರು. ಮಾವ ಎರಡೆರಡು ಫೋನುಗಳನ್ನು ನೋಡುತ್ತ ಕೂತ.

ಚೀಲ ಆಕೆಯದೇ ಆದ್ದರಿಂದ ಹಕ್ಕು ಉಂಟೆಂದು ದನಿ ಒಪ್ಪಿತು. ವರದಿ ಮಹಡಿಯವರಿಗೆ ಹೋಗದಂತೆ ಮಾಡಬಹುದೇ? ಅದನ್ನು ಮುಖ್ಯಸ್ಥರೇ ಕೇಳಬೇಕು. ಷರಾ ಅಳಿಸಬಹುದೇ? ಧಾರಾಳವಾಗಿ. ಆದರೆ ಅಳಿಸುವ ಕೋರಿಕೆ ಸಮುದ್ರದಾಚೆಯ ಕಚೇರಿಗೆ ಹೋಗಿ ಬರಬೇಕು, ಅಷ್ಟರಲ್ಲಿ ಈ ತಿಂಗಳ ವರದಿ ಹೊರಟಿರುತ್ತದೆ.

"ಹಾಗಾದ್ರೆ ನನ್ನ ಹಕ್ಕು ಇಟ್ಕೊಂಡು ನಾನೇನು ಮಾಡ್ಲಿ?"

"ಮಾಹಿತಿ ತಪ್ಪಾಗಿದ್ರೆ ತಿದ್ದಿಸ್ಬಹುದು ಮೇಡಂ. ತಿದ್ದೋದು ನಾಳೆಯೇ ಆಗುತ್ತೆ. ಮಾಹಿತಿ ತಪ್ಪಾಗಿದೆಯಾ?"

ಕನ್ನಡಕದಮ್ಮ ಮಾವನ ಮುಖ ನೋಡಿದಳು. ನಿಜವನ್ನು ಅಳಿಸುವುದಕ್ಕೆ ತಿಂಗಳು ಬೇಕು, ಅದನ್ನೇ ಸುಳ್ಳಾಗಿ ತಿದ್ದುವುದಕ್ಕೆ ಒಂದು ದಿನ ಸಾಕು! ಮಾವನ ತಲೆ ಒಗೆತದ ಯಂತ್ರದಲ್ಲಿ ಸಿಕ್ಕ ಕಾಲುಚೀಲದ ಹಾಗೆ ಸುತ್ತತೊಡಗಿತು.

"ಹೌದು, ತಪ್ಪಾಗಿದೆ" ಎಂದಳು ಆಕೆ. "ನಮ್ಮ ಯಜಮಾನ್ರ ಕಾಲರ್ ತುಂಬಾ ಕೊಳೆ."

"ಸರಿ ಮೇಡಂ. ಕೊಳೆಯಾದ ಕಾಲರಿನ ಒಂದು ಫೋಟೋ ಕಳಿಸಿ. ನಿಮ್ಮ ಪಾಲುದಾರ ಕೇಂದ್ರದಿಂದಲೇ ತೆಗೀಬೇಕು."

ಮಾವ ಜನ್ಮವಿಡೀ ಕಾಲರಿನ ಕೊಳೆ ತೆಗೆದವನು. ಕಾಲರಿಗೆ ಕೊಳೆ ತರಿಸುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಮಣ್ಣು ಸವರಿದ. ಅಂಗಿ ಹೊಂಡಕ್ಕೆ ಬಿದ್ದಂತೆ ಕಂಡಿತು. ಎಣ್ಣೆ, ಇದ್ದಿಲಪುಡಿ ಬೆರೆಸಿ ಹಚ್ಚಿದ. ಗಾಡಿ ರಿಪೇರಿಯವನ ಅಂಗಿಯಾಯಿತು. ಎರಡು ಅಂಗಿ ಹಾಗೇ ಕೆಟ್ಟವು. ಬೆವರಿನ ಗೆರೆಯನ್ನು ಬೆವರೇ ಬರೆಯಬೇಕು.

ಕೊನೆಗೆ ಬಾಗಿಲ ಪರದೆ ಎಳೆದು ಮೂರನೆಯ ಅಂಗಿಯನ್ನು ತಾನೇ ತೊಟ್ಟ. ನಡುವಿನ ಅಳತೆಯ ಅಂಗಿ, ಮಾವನದು ಮೂರು ಅಳತೆ ಮೇಲಿನ ಹೊಟ್ಟೆ. ಗುಂಡಿಗಳು ಹಗ್ಗಜಗ್ಗಾಟದ ಆಳುಗಳ ಹಾಗೆ ಹಲ್ಲು ಕಚ್ಚಿ ನಿಂತವು. ನಡುಮಧ್ಯಾಹ್ನದ ಬಿಸಿಲು, ಮೆಟ್ಟಿಲ ಕೆಳಗಿನ ಸೆಕೆ, ಎದುರಿಗೆ ಕಾದ ಇಸ್ತ್ರಿಪೆಟ್ಟಿಗೆ. ಬೀದಿಯ ಬೆಡ್‌ಶೀಟುಗಳನ್ನೆಲ್ಲ ತೀಡಿದ, ತೀಡಿದ್ದನ್ನೇ ಮತ್ತೆ ತೀಡಿದ. ಬೆವರು ಮೊದಲು ಹನಿಯಾಗಿ, ಆಮೇಲೆ ಹಳ್ಳವಾಗಿ ಹರಿದು ಅಂಗಡಿಯೊಳಗೆ ಆ ಗಂಡನ ಹಡಗು ತೇಲುವಷ್ಟಾಯಿತು.

ಪರದೆ ಸರಿಯಿತು. ಬುತ್ತಿ ಹಿಡಿದು ಹೆಂಡತಿ ನಿಂತಿದ್ದಳು.

"ಇದು ಯಾರ ಅಂಗಿ ರೀ?"

ಮಾವ ಗಕ್ಕನೆ ತಿರುಗಿದ. ಮೇಲಿನ ಗುಂಡಿಯೊಂದು ಹಾರಿ ಬುತ್ತಿಗೆ ಟಣ್ಣೆಂದು ಬಡಿಯಿತು.

"ಯಾರದೂ ಅಲ್ಲ."

"ಯಾರದೂ ಅಲ್ಲದ ಅಂಗಿ ಹಾಕ್ಕೊಂಡು ಈ ಸೆಕೆಯಲ್ಲಿ ಪರದೆ ಎಳ್ಕೊಂಡು ಏನು ಮಾಡ್ತಿದ್ದೀರಿ?"

"ಬೆವರ್ತಾ ಇದ್ದೀನಿ."

"ಅದು ಕಾಣ್ತಾ ಇದೆ. ಯಾಕೆ ಅಂತ ಕೇಳಿದ್ದು."

"ಜೇಬಿನಲ್ಲಿ ಸಿಕ್ಕಿದ್ದು ಜೇಬಿಗೇ ಕಣೇ" ಎಂದ ಮಾವ, ಅಳುವ ದನಿಯಲ್ಲಿ.

ಹೆಂಡತಿ ಅಂಗಿಯನ್ನು ನೋಡಿದಳು, ಕೆಟ್ಟುಹೋದ ಎರಡು ಅಂಗಿಗಳನ್ನು ನೋಡಿದಳು, ಅವು ಬಂದಿದ್ದ ಚೀಲವನ್ನು ನೋಡಿದಳು. ಬುತ್ತಿ ಇಟ್ಟು, ಬಿದ್ದ ಗುಂಡಿಯನ್ನು ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟುಹೋದಳು. ಬೈದಿದ್ದರೆ ಮಾವನಿಗೆ ಎಷ್ಟೋ ಸಮಾಧಾನವಿರುತ್ತಿತ್ತು.

ಫೋಟೋ ಹೋಯಿತು. ಮಾಹಿತಿ ತಿದ್ದಲಾಗಿದೆ, ನಿಖರತೆಯೇ ನಮ್ಮ ಧ್ಯೇಯ ಎಂದು ಉತ್ತರವೂ ಬಂತು.

ತಿಂಗಳ ಕೊನೆಯ ದಿನ ಮಹಡಿಯವರು ಫೋನು ಹಿಡಿದು ಅಂಗಡಿಗೇ ಇಳಿದುಬಂದರು. ಮಾವನ ಎದೆ ಇಸ್ತ್ರಿಪೆಟ್ಟಿಗೆಗಿಂತ ಜೋರಾಗಿ ಹೊಗೆಯಾಡಿತು.

"ಏನಯ್ಯಾ, ನಮ್ಮ ಕೆಳಮನೆಯವನ ಕಾಲರ್ ಅಷ್ಟೊಂದು ಕೊಳೆಯಂತೆ! ಕಟ್ಟಡಕ್ಕೇ ಮೊದಲು ಅಂತ ಬಂದಿದೆ."

"ಹೌದು ಸ್ವಾಮಿ."

"ಕಣ್ಣಿಗೆ ಬೀಳದಿದ್ರೂ ದುಡಿಯೋ ಪ್ರಾಣಿ ಕಣಯ್ಯಾ. ಗಂಡಸು ಅಂದ್ರೆ ಹೀಗೆ ಬೆವರ್ಬೇಕು. ನನ್ನ ಮಗನ ವರದಿ ನೋಡು, ಕಲೆಯೇ ಇಲ್ಲ, ಸೋಮಾರಿ!" ಎಂದು ಹೆಮ್ಮೆಯಿಂದ ಹತ್ತಿ ಹೋದರು. ಇಷ್ಟು ವರ್ಷ ಅಂಗಿ ಮಾತ್ರವಿದ್ದ ಮನುಷ್ಯನಿಗೆ ಅಂದಿನಿಂದ ಒಂದು ಗುಣವೂ ಬಂತು. ಬೆವರಿನ ವಾಸನೆ ತಡೆಯುವ ಪೌಡರಿನ ಜಾಹೀರಾತು ಕನ್ನಡಕದಮ್ಮನ ಫೋನಿಗೆ ದಿನವೂ ಬರತೊಡಗಿತು, 'ನಿಮ್ಮ ಯಜಮಾನರಿಗಾಗಿಯೇ' ಎಂದು. ಆಕೆ ಎರಡು ಹೊಸ ಅಂಗಿ ತಂದಳು, ಈ ಸಲ ಮೂರು ಅಳತೆ ದೊಡ್ಡವು. "ಹಡಗಿನ ಊಟ ಒಗ್ಗಿರ್ಬೇಕು" ಎಂದಳು ಮಾವನ ಕಡೆ ನೋಡದೆ.

ಮಾವನಿಗೆ ಮಾತ್ರ ಇನ್ನೂ ಬಗೆಹರಿದಿಲ್ಲ. ನಿಜ ಹೇಳಿದಾಗ ಗುಟ್ಟು ಬಯಲಾಗುವುದರಲ್ಲಿತ್ತು. ಸುಳ್ಳು ಹೇಳಿದ ಮೇಲೆ ಕಂಪನಿ ಅದನ್ನು ಏಳು ಬೀಗ ಹಾಕಿ ಕಾಯುತ್ತಿದೆ. ಇದರಲ್ಲಿ ಯಾರ ಹಕ್ಕು ಉಳಿಯಿತು, ಇಲ್ಲದವನದೋ ಇದ್ದವಳದೋ ಎಂದು ಟ್ಯಾಗಣ್ಣನನ್ನು ಕೇಳೋಣವೆನಿಸುತ್ತದೆ. ಕೇಳಿದರೆ ಹೇಳಿದ ಹಾಗಾಗುತ್ತದೆ.

ಮುಂದಿನ ವಾರದ ಚೀಲ ಬಂದಾಗ ಫೋನು ತಾನಾಗಿಯೇ ಮಿನುಗಿತು: 'ಹೆಚ್ಚು ಕೊಳೆಯ ವರ್ಗ. ಪ್ರತಿ ವಾರ ಕಾಲರಿನ ಫೋಟೋ ಕಡ್ಡಾಯ.' ಮಾವ ತಲೆಯ ಮೇಲೆ ಕೈ ಹೊತ್ತು ಕೂತ.

ಹೆಂಡತಿ ಬುತ್ತಿ ತಂದಿಟ್ಟು, ಫೋನಿನ ಕಡೆ ಒಮ್ಮೆ, ದೊಡ್ಡ ಅಳತೆಯ ಹೊಸ ಅಂಗಿಯ ಕಡೆ ಒಮ್ಮೆ ನೋಡಿದಳು. ಸೆರಗಿನ ತುದಿಯ ಗಂಟು ಬಿಚ್ಚಿ, ಅಂದು ಹಾರಿದ್ದ ಗುಂಡಿಯನ್ನು ತೆಗೆದು ಹಳೆಯ ಅಂಗಿಯ ಜೇಬಿಗೆ ಹಾಕಿದಳು. ಆಮೇಲೆ ಬಾಗಿಲ ಪರದೆಯನ್ನು ತಾನೇ ಎಳೆಯುತ್ತ ಕೇಳಿದಳು:

"ಚಳಿಗಾಲ ಬಂದ್ರೆ ಹೇಗೆ ಬೆವರ್ತೀರಿ?"